ಚಿಕ್ಕಮಗಳೂರು: ಒಂದು ಉಪಚುನಾವಣೆ ಮತ್ತು ಫಾರಂ ನಂಬರ್ 7

ಎಲ್ಲರಿಗೂ ನಮಸ್ಕಾರ.

ಹಿಂದಿನವರಿಗೆ ಮೈಕು ಕೇಳಿಸುತ್ತಿದೆಯಾ? ಸರಿ. ಪ್ರಾಂಶುಪಾಲರು ನಲವತ್ತು ನಿಮಿಷ ಕೊಟ್ಟಿದ್ದಾರೆ. ಮೂವತ್ತು ವರ್ಷ ಮೇಷ್ಟ್ರಾಗಿದ್ದವನಿಗೆ ನಲವತ್ತು ನಿಮಿಷ ಅಂದರೆ ಹಾಜರಿ ಕರೆಯೋಕೆ ಸರಿಹೋಗುತ್ತದೆ. ಆದರೂ ನೋಡೋಣ.

ಹೊರಗಿನ ಊರಲ್ಲಿ ಯಾರಿಗಾದರೂ ನಮ್ಮೂರು ಚಿಕ್ಕಮಗಳೂರು ಅಂತ ಹೇಳಿ. ಸ್ವಲ್ಪ ವಯಸ್ಸಾದವರಾದರೆ ಕಾಫಿಗಿಂತ ಮೊದಲು ಇಂದಿರಾ ಗಾಂಧಿ ಹೆಸರು ತೆಗೆಯುತ್ತಾರೆ. ಉತ್ತರದ ಕಡೆಯವರಾದರೆ ‘ಏಕ್ ಶೇರ್ನಿ ಸೌ ಲಂಗೂರ್, ಚಿಕ್ಕಮಗಳೂರ್ ಭಾಯಿ ಚಿಕ್ಕಮಗಳೂರ್’ ಅಂತ ರಾಗವಾಗಿಯೇ ಹೇಳುತ್ತಾರೆ. ಘೋಷಣೆ ಹಿಂದಿಯದು. ಓಟು ಹಾಕಿದ ನಮ್ಮವರಲ್ಲಿ ಎಷ್ಟು ಜನಕ್ಕೆ ಅದು ಅರ್ಥವಾಗಿತ್ತೋ! ಶೇರ್ನಿ ಅಂದರೆ ಹೆಣ್ಣುಹುಲಿ, ಲಂಗೂರ್ ಅಂದರೆ ನಮ್ಮ ಮುಸಿಯ ಅಂತ ನನಗೆ ಗೊತ್ತಾದದ್ದೇ ಕಾಲೇಜಿಗೆ ಬಂದ ಮೇಲೆ. ನೂರು ಮುಸಿಯ ಒಟ್ಟಿಗೆ ನುಗ್ಗಿದರೆ ಏನಾಗುತ್ತದೆ ಅಂತ ಏಲಕ್ಕಿ ಬೆಳೆದವರನ್ನು ಕೇಳಬೇಕು. ಹುಲಿಯೂ ತೋಟ ಬಿಟ್ಟು ಹೋಗುತ್ತದೆ.

ನನ್ನ ತಕರಾರು ಇಷ್ಟೇ. ಇಡೀ ಕ್ಷೇತ್ರದ ಕಥೆಯನ್ನು ಒಂದು ಹೆಸರಿಗೆ ಕಟ್ಟಿಹಾಕಿದ್ದೇವೆ. 1978ರಲ್ಲಿ ಇಲ್ಲಿ ಗೆದ್ದದ್ದು ಇಂದಿರಾ ಗಾಂಧಿ ಅಂತ ನಿಮ್ಮ ಪುಸ್ತಕದಲ್ಲಿದೆ. ಇರಲಿ, ಪರೀಕ್ಷೆಯಲ್ಲಿ ಹಾಗೇ ಬರೆಯಿರಿ. ನನ್ನ ಪ್ರಕಾರ ಗೆದ್ದದ್ದು ಫಾರಂ ನಂಬರ್ 7.

ಹಿರಿಯರು ನಗುತ್ತಿದ್ದಾರೆ, ಅವರಿಗೆ ಗೊತ್ತು. ಮಕ್ಕಳಿಗೆ ಹೇಳುತ್ತೇನೆ. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಕಾನೂನು ಜಾರಿಗೆ ಬಂತು. ಗೇಣಿಗೆ ಉಳುತ್ತಿದ್ದ ಜಮೀನು ನನ್ನದು ಅಂತ ಗೇಣಿದಾರ ಕೊಡಬೇಕಾದ ಅರ್ಜಿಯೇ ಫಾರಂ 7. ಜನ ಅದಕ್ಕೆ ಡಿಕ್ಲರೇಷನ್ ಅಂದರು. ‘ಡಿಕ್ಲರೇಷನ್ ಕೊಟ್ಟೆಯಾ ಮಾರಾಯ?’ ಅನ್ನೋದು ಆಗ ‘ಊಟ ಆಯ್ತಾ’ ಅಂದ ಹಾಗೆ. ಅರ್ಜಿ ಹೋಗುತ್ತಿದ್ದದ್ದು ಕೋರ್ಟಿಗಲ್ಲ, ತಾಲೂಕಿನ ಭೂನ್ಯಾಯ ಮಂಡಳಿಗೆ, ಅಂದರೆ ಟ್ರಿಬ್ಯೂನಲ್‌ಗೆ. ಒಂದು ಬೆಂಚಿನಲ್ಲಿ ಒಡೆಯರು, ಇನ್ನೊಂದರಲ್ಲಿ ಗೇಣಿದಾರ. ಒಡೆಯರ ಎದುರು ಕೂತೇ ಗೊತ್ತಿಲ್ಲದವರು ಅವತ್ತು ಕೂತರು. ಕಾಫಿ ತೋಟಗಳಿಗೆ ಈ ಕಾನೂನಿನಿಂದ ವಿನಾಯಿತಿ ಇತ್ತು, ಅದನ್ನೂ ಮರೆಯಬೇಡಿ. ಗದ್ದೆ ಕೈ ಬದಲಾಯಿತು, ಎಸ್ಟೇಟ್ ಬದಲಾಗಲಿಲ್ಲ. ತೋಟದ ಕೂಲಿಯವರು, ಅಂದರೆ ಲೈನ್ ಮನೆಯವರು, ಲೈನ್ ಮನೆಯಲ್ಲೇ ಉಳಿದರು. ಅದಕ್ಕೇ ಇನ್ನೊಂದು ಉಪನ್ಯಾಸ ಬೇಕು.

ಸ್ವಲ್ಪ ಹಿಂದಕ್ಕೆ ಹೋಗೋಣ. 1952ರಲ್ಲಿ ನಮಗೆ ಬೇರೆ ಕ್ಷೇತ್ರವೇ ಇರಲಿಲ್ಲ. ಹಾಸನದ ಜೊತೆ ಸೇರಿಸಿದ್ದರು. ಕಾಂಗ್ರೆಸ್ಸಿನ ಎಚ್. ಸಿದ್ಧನಂಜಪ್ಪ ಗೆದ್ದರು. ಆಗ ಕಾಂಗ್ರೆಸ್ ಚಿಹ್ನೆ ಜೋಡೆತ್ತು. 1967ರಲ್ಲಿ ಚಿಕ್ಕಮಗಳೂರು ಬೇರೆ ಕ್ಷೇತ್ರವಾಯಿತು. ಮೊದಲು ಗೆದ್ದವರು ಯಾರು? ಕಾಂಗ್ರೆಸ್ ಅಂತ ಯಾರೋ ಅಂದಿರಿ. ಅಲ್ಲ. ಪ್ರಜಾ ಸೋಷಲಿಸ್ಟ್ ಪಕ್ಷದ ಎಂ. ಹುಚ್ಚೇಗೌಡರು. ಇಲ್ಲಿಂದ ದೂರವೇನಿಲ್ಲ, ಸಾಗರದ ಹತ್ತಿರ ಕಾಗೋಡು. 1951ರಲ್ಲಿ ಗೇಣಿ ಅಳೆಯುವ ಕೊಳಗದ ವಿಷಯಕ್ಕೆ ಅಲ್ಲಿ ಸೋಷಲಿಸ್ಟರ ಬೆಂಬಲದಲ್ಲಿ ಸತ್ಯಾಗ್ರಹ ನಡೆದಿತ್ತು. ಗೇಣಿಯ ಸಂಕಟ ಇಂದಿರಾ ಬರುವ ಮೊದಲೇ ಮಲೆನಾಡಿನಲ್ಲಿ ಓಟಾಗುತ್ತಿತ್ತು ಅನ್ನೋಕೆ ಇದನ್ನು ಹೇಳಿದೆ.

1971 ಮತ್ತು 1977ರಲ್ಲಿ ಡಿ.ಬಿ. ಚಂದ್ರೇಗೌಡರು ಗೆದ್ದರು. ಮೂಡಿಗೆರೆ ಕಡೆಯ ದಾರದಹಳ್ಳಿಯವರು. 1977ರಲ್ಲಿ ದೇಶದ ಉತ್ತರಕ್ಕೆಲ್ಲ ಜನತಾ ಅಲೆ. ಇಂದಿರಾ ರಾಯ್‌ಬರೇಲಿಯಲ್ಲೇ ಸೋತರು. ಕರ್ನಾಟಕದಲ್ಲಿ ಮಾತ್ರ 28ರಲ್ಲಿ 26 ಕಾಂಗ್ರೆಸ್ಸಿಗೆ! ದೇವರಾಜ ಅರಸರ ಕಾಲ. ಮತ್ತೆ ಸಂಸತ್ತಿಗೆ ಹೋಗಲು ಇಂದಿರಾಗೆ ಗಟ್ಟಿ ಸೀಟು ಬೇಕಿತ್ತು. ಚಂದ್ರೇಗೌಡರು ರಾಜೀನಾಮೆ ಕೊಟ್ಟು ಬಿಟ್ಟುಕೊಟ್ಟರು.

ಎದುರಾಳಿ ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು. ಅದಕ್ಕೂ ಮೊದಲು ಡಾ. ರಾಜ್‌ಕುಮಾರ್ ಅವರನ್ನು ನಿಲ್ಲಿಸುವ ಯತ್ನ ನಡೆದಿತ್ತು. ಅವರು ಯಾರ ಕೈಗೂ ಸಿಗದ ಹಾಗೆ ಇದ್ದುಬಿಟ್ಟರು. ಜನತಾ ಪ್ರಚಾರದ ಉಸ್ತುವಾರಿ ಮಂಗಳೂರಿನ ಜಾರ್ಜ್ ಫರ್ನಾಂಡಿಸರದು. ಇಂದಿರಾರನ್ನು ಹೆಡೆಯೆತ್ತಿದ ನಾಗರಹಾವಿಗೆ ಹೋಲಿಸಿದ ಪೋಸ್ಟರ್ ಬಂತು ಅಂತ ಹೇಳುತ್ತಾರೆ. ಕಾರ್ಕಳ, ಬೆಳ್ತಂಗಡಿಯೂ ಆಗ ನಮ್ಮ ಕ್ಷೇತ್ರದಲ್ಲಿದ್ದವು. ಘಟ್ಟದ ಮೇಲೂ ಕೆಳಗೂ ನಾಗನಿಗೆ ತನು ಎರೆಯುವ ಜನ. ಹಾವಿನ ಚಿತ್ರ ತೋರಿಸಿ ದ್ವೇಷಿಸಿ ಅಂದರೆ ಅವರು ಕೈ ಮುಗಿಯುತ್ತಾರೆ. ಪೋಸ್ಟರ್ ಮಾಡಿದವರಿಗೆ ಯಾರಾದರೂ ಒಂದು ಮಾತು ಹೇಳಬಾರದಿತ್ತಾ?

ಈಗ ನಮ್ಮ ಅಜ್ಜಿಯ ಕಥೆ. ಇದನ್ನು ಮೊದಲೇ ಕೇಳಿದವರು ಕ್ಷಮಿಸಬೇಕು.

ಆಗ ನನಗೆ ಹತ್ತು ವರ್ಷ. ಕೊಪ್ಪದ ಕಡೆಯ ಹಳ್ಳಿ. ಇಂದಿರಮ್ಮ ನಮ್ಮ ಹ್ಯಾಂಡ್‌ಪೋಸ್ಟ್ ಹಾದು ಹೋಗುತ್ತಾರೆ ಅಂತ ಸುದ್ದಿ. ಬೆಳಿಗ್ಗೆ ಹನ್ನೊಂದಕ್ಕೆ ಅಂದರು. ಅಜ್ಜಿ ಎಂಟಕ್ಕೇ ನನ್ನನ್ನು ಎಳೆದುಕೊಂಡು ಹೊರಟಳು. ಒಂದು ಕೈಯಲ್ಲಿ ಸೇವಂತಿಗೆ ಮಾಲೆ. ಕಂಕುಳಲ್ಲಿ ಬಿದಿರಿನ ಅಂಡೆ. ಅದರೊಳಗೆ ಟ್ರಿಬ್ಯೂನಲ್ ಆರ್ಡರು. ಎರಡು ಎಕರೆ ಹದಿನೇಳು ಗುಂಟೆ ಗದ್ದೆಯದು, ಹಿಂದಿನ ವರ್ಷ ಬಂದದ್ದು. ಮಳೆಗಾಲದ ಥಂಡಿಗೆ ಕಾಗದ ಹಾಳಾಗುತ್ತದೆ ಅಂತ ಸುರುಳಿ ಸುತ್ತಿ ಅಂಡೆಗೆ ಹಾಕಿ, ಒಲೆಯ ಮೇಲಿನ ಅಟ್ಟದಲ್ಲಿ ತೂಗಿಹಾಕಿದ್ದಳು. ಇಂದಿರಮ್ಮನಿಗೆ ಅದನ್ನು ತೋರಿಸಬೇಕು ಅಂತ ಆಸೆ. ಯಾಕೆ ಅಂತ ಕೇಳಿದ್ದಕ್ಕೆ, ‘ಕೊಟ್ಟೋರಿಗೆ ಮುಟ್ಟಿದ್ದು ಗೊತ್ತಾಗ್ಬೇಡ್ವಾ?’ ಅಂದಳು.

ಹನ್ನೊಂದಾಯಿತು, ಎರಡಾಯಿತು, ನಾಲ್ಕಾಯಿತು. ಮಧ್ಯೆ ಒಂದು ಮಳೆ. ನನಗೆ ಹಸಿವು. ಬಂದೋಬಸ್ತಿಗೆ ಬಂದ ಪೊಲೀಸಪ್ಪನಿಗೂ ಹಸಿವು. ಅಜ್ಜಿ ತಂದಿದ್ದ ಅಕ್ಕಿರೊಟ್ಟಿಯನ್ನು ಮೂರು ಭಾಗ ಮಾಡಿದಳು. ತಿಂದ ಋಣಕ್ಕೆ ಅವನು ‘ಅಂಡೇಲಿ ಏನಜ್ಜಿ?’ ಅಂದ. ಕಳ್ಳು ಅಂದುಕೊಂಡಿದ್ದನೋ ಏನೋ. ಅಜ್ಜಿ ಆರ್ಡರ್ ತೆಗೆದು ಕೊಟ್ಟಳು. ಅವನು ಗಟ್ಟಿಯಾಗಿ ಓದಿದ. ಸರ್ವೆ ನಂಬರು, ಚಕ್ಕುಬಂದಿ, ತಾತನ ಹೆಸರು. ಸುತ್ತ ಜನ ಸೇರಿದರು. ‘ಇನ್ನೊಂದ್ಸಲ ಓದಪ್ಪಾ’ ಅಂದಳು. ಅವನು ಇನ್ನೊಂದು ಸಲ ಓದಿದ! ಓದು ಬಾರದ ಅಜ್ಜಿ ತನ್ನ ಆರ್ಡರನ್ನು ಪೂರ್ತಿ ಕೇಳಿದ್ದು ಅವತ್ತೇ ಮೊದಲು.

ಇಂದಿರಾ ಬಂದದ್ದು ಕತ್ತಲಾದ ಮೇಲೆ. ಸಾಲಾಗಿ ಕಾರಿನ ದೀಪಗಳು. ನಾನು ನೋಡಿದ್ದು ಒಂದು ಕೈ, ಕೂದಲಿನ ಆ ಬಿಳಿ ಪಟ್ಟೆ, ಅಷ್ಟೇ. ಕಾರು ನಿಲ್ಲಲಿಲ್ಲ. ಮಾಲೆ ಅಜ್ಜಿಯ ಕೈಯಲ್ಲೇ ಉಳಿಯಿತು. ಮನೆಗೆ ಬಂದು ದೇವರಿಗೆ ಹಾಕಿದಳು.

ನವೆಂಬರ್ 5ಕ್ಕೆ ಮತದಾನ. ಅಜ್ಜಿ ಮತ್ತೆ ಅಂಡೆ ಹಿಡಿದು ಬೂತಿಗೆ ಹೋದಳು. ಹೆಸರೇನು ಅಂದರೆ ಆರ್ಡರ್ ಕೊಟ್ಟಳು. ಅಧಿಕಾರಿ ಮೂಸಿ ನೋಡಿ ‘ಏನಮ್ಮಾ ಇದು, ಇಷ್ಟೊಂದು ಹೊಗೆ ವಾಸನೆ?’ ಅಂದರಂತೆ. ಒಳಗೆ ಹೋದವಳು ಬೇಗ ಬರಲಿಲ್ಲ. ಇಂದಿರಾ ಕಾಂಗ್ರೆಸ್ಸಿನ ಹಳೆಯ ಚಿಹ್ನೆ ಹಸು-ಕರು ಹುಡುಕುತ್ತಿದ್ದಳು! ಫೆಬ್ರವರಿಯ ವಿಧಾನಸಭೆ ಚುನಾವಣೆಗೇ ಚಿಹ್ನೆ ಹಸ್ತ ಆಗಿತ್ತು, ಆಗ ಜ್ವರ ಬಂದು ಮಲಗಿದ್ದ ಅಜ್ಜಿಗೆ ಅದು ತಲೆಗೆ ಹೋಗಿರಲಿಲ್ಲ. ಕೊನೆಗೆ ಯಾವುದಕ್ಕೆ ಒತ್ತಿದೆ ಅಂದರೆ, ‘ಅಭಯಹಸ್ತ ಇತ್ತು, ಒತ್ತಿದೆ’ ಅಂದಳು.

ಇಂದಿರಾ ಗೆದ್ದ ಅಂತರ 77,333. ನೋಡಿ, ಅದರಲ್ಲೂ ಎರಡು ಏಳು. ಇದು ಪುರಾವೆ ಅಲ್ಲ, ಸುಮ್ನೆ ಹೇಳಿದೆ.

ಆಮೇಲೇನಾಯಿತು? ಹಕ್ಕುಚ್ಯುತಿ ಆರೋಪದ ಮೇಲೆ ಡಿಸೆಂಬರ್ 19ಕ್ಕೆ ಲೋಕಸಭೆ ಅವರನ್ನು ಉಚ್ಚಾಟಿಸಿತು. ಅಧಿವೇಶನ ಮುಗಿಯುವ ತನಕ ತಿಹಾರ್ ಜೈಲು. ಒಂದೂವರೆ ತಿಂಗಳೂ ನಮ್ಮ ಸಂಸದೆಯಾಗಿರಲಿಲ್ಲ. ಆ ಉಚ್ಚಾಟನೆಯ ನಿರ್ಣಯವನ್ನು 1981ರಲ್ಲಿ ಲೋಕಸಭೆಯೇ ರದ್ದು ಮಾಡಿತು. ಅಷ್ಟರಲ್ಲಿ ಅವರು ಮೇದಕ್‌ನ ಸಂಸದೆ ಮತ್ತು ಪ್ರಧಾನಿ. ವೀರೇಂದ್ರ ಪಾಟೀಲರ ಕಥೆ ಇನ್ನೂ ಚೆನ್ನಾಗಿದೆ. ಇಲ್ಲಿ ಇಂದಿರಾ ಎದುರು ಸೋತವರು 1980ರಲ್ಲಿ ಇಂದಿರಾ ಪಕ್ಷದಿಂದಲೇ ಬಾಗಲಕೋಟೆಯಲ್ಲಿ ಗೆದ್ದು ಅವರ ಸಂಪುಟದಲ್ಲೇ ಮಂತ್ರಿಯಾದರು! ಇಲ್ಲಿ ಪೋಸ್ಟರ್ ಹರಿದದ್ದಕ್ಕೆ ಮಾತು ಬಿಟ್ಟ ಅಣ್ಣತಮ್ಮಂದಿರು ಮಾತ್ರ ಹಾಗೇ ಉಳಿದರು.

ಈಗ ನನ್ನ ವಾದ ಕುಂಟುವ ಜಾಗಕ್ಕೆ ಬರೋಣ. ಗೆಳೆಯರೊಬ್ಬರು ಯಾವಾಗಲೂ ಇಲ್ಲೇ ಹಿಡಿಯುತ್ತಾರೆ. ಗೆದ್ದದ್ದು ಫಾರಂ 7 ಆದರೆ, 1980ರಲ್ಲಿ ಯಾಕೆ ಅರಸು ಗೆಲ್ಲಲಿಲ್ಲ? ಕಾನೂನು ತಂದವರು ಅರಸು. ಅಷ್ಟು ಹೊತ್ತಿಗೆ ಇಂದಿರಾ ಜೊತೆ ಮುರಿದುಕೊಂಡು ಬೇರೆಯಾಗಿದ್ದರು. ರಾಜ್ಯದಲ್ಲಿ ಇಂದಿರಾ ಕಾಂಗ್ರೆಸ್ಸಿಗೆ 27 ಸೀಟು, ಜನತಾಗೆ ಒಂದು, ಅರಸರಿಗೆ ಸೊನ್ನೆ. ಇಲ್ಲಿ ಇಂದಿರಾ ಕಾಂಗ್ರೆಸ್ಸಿನ ಡಿ.ಎಂ. ಪುಟ್ಟೇಗೌಡರು ಗೆದ್ದರು. ಪ್ರಶ್ನೆ ಸರಿ ಇದೆ. ನಮ್ಮ ಅಜ್ಜಿಯ ಆರ್ಡರಿನಲ್ಲಿ ಮಂಡಳಿಯ ಮೊಹರು ಇತ್ತು, ಅರಸರ ಹೆಸರು ಇರಲಿಲ್ಲ. ಅಜ್ಜಿಗೆ ಕೊಟ್ಟವಳು ಇಂದಿರಮ್ಮ, ಅಷ್ಟೇ. ಓಟು ಹುಟ್ಟಿಸಿದ್ದು ಫಾರಂ, ಅದರ ಜಮೆ ಬಿದ್ದದ್ದು ದೆಹಲಿಯ ಖಾತೆಗೆ. ಅರಸರ ಬಗ್ಗೆ ಯೋಚಿಸಿದಾಗ ನನಗೆ ಇವತ್ತಿಗೂ ಬೇಜಾರಾಗುತ್ತದೆ.

ಹತ್ತು ನಿಮಿಷ ಅಂತ ಚೀಟಿ ಬಂತು. ಬರೆದುಕೊಂಡು ಬಂದದ್ದು ಇನ್ನೂ ಆರು ಹಾಳೆ ಇದೆ. ಓಡಿಸುತ್ತೇನೆ.

1984ರಲ್ಲಿ ಡಿ.ಕೆ. ತಾರಾದೇವಿ, 1989ರಲ್ಲಿ ಮತ್ತೆ ಪುಟ್ಟೇಗೌಡರು, 1991ರಲ್ಲಿ ಮತ್ತೆ ತಾರಾದೇವಿ. ಎಲ್ಲ ಕಾಂಗ್ರೆಸ್. 1996ರಲ್ಲಿ ಜನತಾದಳದ ಬಿ.ಎಲ್. ಶಂಕರ್. 1998, 1999, 2004, ಮೂರು ಸಲ ಬಿಜೆಪಿಯ ಡಿ.ಸಿ. ಶ್ರೀಕಂಠಪ್ಪ. ಈ ಬದಲಾವಣೆಗೆ ಎಲ್ಲರೂ ಬಾಬಾಬುಡನ್‌ಗಿರಿಯ ದರ್ಗಾ-ದತ್ತಪೀಠ ವಿವಾದವನ್ನೇ ತೋರಿಸುತ್ತಾರೆ. ಅದು ಇತ್ತು, ಇಲ್ಲ ಅನ್ನೋಲ್ಲ. ಆದರೆ ಬೆಳೆದ ಕಾಫಿಯನ್ನು ಬೋರ್ಡಿಗೇ ಕೊಡಬೇಕಿದ್ದ ಪೂಲ್ ಪದ್ಧತಿ ಹೋಗಿ ಮಾರುಕಟ್ಟೆ ಬೆಳೆಗಾರನ ಕೈಗೆ ಬಂದದ್ದು, 2000ದ ಹೊತ್ತಿಗೆ ರೇಟು ಕುಸಿದದ್ದು, ಇವನ್ನೂ ನೋಡಬೇಕು. ಇನ್ನೊಂದು ವಿಷಯ. ಫಾರಂ 7ರಲ್ಲಿ ಗದ್ದೆ ಪಡೆದವರ ಮಕ್ಕಳು ಆಗ ತಾವೇ ಒಡೆಯರು. ಗೇಣಿಯ ನೆನಪು ಅವರಿಗೆ ಬೇಡವಾಗಿತ್ತು. ನೋಡಿ, ಮತ್ತೆ ಅಲ್ಲಿಗೇ ಬಂದೆ.

2008ರ ಮರುವಿಂಗಡಣೆಯಲ್ಲಿ ಹಳೆಯ ಕ್ಷೇತ್ರವೇ ಹೋಯಿತು. ಉಡುಪಿ ಚಿಕ್ಕಮಗಳೂರು ಆಯಿತು. ಕಡೂರು ಹಾಸನಕ್ಕೆ, ಬೆಳ್ತಂಗಡಿ ದಕ್ಷಿಣ ಕನ್ನಡಕ್ಕೆ, ಬೀರೂರು ವಿಧಾನಸಭಾ ಕ್ಷೇತ್ರದ ಹೆಸರೇ ಮಾಯ. ಅಣ್ಣತಮ್ಮಂದಿರ ಪಾಲಿನಲ್ಲೂ ಇಷ್ಟು ವಿಚಿತ್ರವಾಗಿ ಬೇಲಿ ಹಾಕೋಲ್ಲ. 2009ರಲ್ಲಿ ಸದಾನಂದ ಗೌಡರು. ಅವರು ಮುಖ್ಯಮಂತ್ರಿಯಾದದ್ದರಿಂದ 2012ರಲ್ಲಿ ಉಪಚುನಾವಣೆ, ಕಾಂಗ್ರೆಸ್ಸಿನ ಜಯಪ್ರಕಾಶ್ ಹೆಗ್ಡೆ. 2014, 2019 ಶೋಭಾ ಕರಂದ್ಲಾಜೆ. 2024 ಕೋಟ ಶ್ರೀನಿವಾಸ ಪೂಜಾರಿ.

ಒಂದು ತಮಾಷೆ ಗಮನಿಸಿದ್ದೀರಾ? ಇಲ್ಲಿ ಸಂಸದರಾಗಿದ್ದ ಚಂದ್ರೇಗೌಡರು 2009ರಲ್ಲಿ ಬೆಂಗಳೂರು ಉತ್ತರದಿಂದ ಗೆದ್ದರು, ಆಗ ಬಿಜೆಪಿ. ಸದಾನಂದ ಗೌಡರು 2014ರಲ್ಲಿ ಬೆಂಗಳೂರು ಉತ್ತರ. ಶೋಭಾ ಅವರು 2024ರಲ್ಲಿ ಬೆಂಗಳೂರು ಉತ್ತರ. ಚಿಕ್ಕಮಗಳೂರಿಗೆ ರೈಲು ಬಂದದ್ದು 2013ರಲ್ಲಿ. ಸಂಸದರಿಗೆ ಅದಕ್ಕೂ ಮೊದಲೇ ನೇರ ಬಂಡಿ ಇತ್ತು ಅಂತಾಯಿತು.

ಇನ್ನೊಂದೇ ಒಂದು. 2019ರಲ್ಲಿ ಮೈತ್ರಿಗಾಗಿ ಈ ಸೀಟು ಜೆಡಿಎಸ್‌ಗೆ ಹೋಯಿತು. ಕಾಂಗ್ರೆಸ್ಸಿನವರೇ ಆಗಿದ್ದ ಪ್ರಮೋದ್ ಮಧ್ವರಾಜ್ ತೆನೆ ಹೊತ್ತ ಮಹಿಳೆಯ ಚಿಹ್ನೆಯಲ್ಲಿ ನಿಂತರು. ಇಂದಿರಾ ಗೆದ್ದ ನೆಲದಲ್ಲಿ ಮತಯಂತ್ರದ ಮೇಲೆ ಹಸ್ತವೇ ಇಲ್ಲ. ಅಜ್ಜಿ ಇದ್ದಿದ್ದರೆ ಆ ಪರದೆಯ ಹಿಂದೆ ಎಷ್ಟು ಹೊತ್ತು ಹುಡುಕುತ್ತಿದ್ದಳೋ.

ಸರಿ, ಅಧ್ಯಕ್ಷರು ಗಡಿಯಾರ ಬಿಚ್ಚಿ ಮೇಜಿನ ಮೇಲೇ ಇಟ್ಟರು. ನಿಮ್ಮ ಇತಿಹಾಸ ವಿಭಾಗದವರು ಹಳೆಯ ಕಾಗದ ಸಂಗ್ರಹಿಸುತ್ತಿದ್ದಾರಂತೆ. ಚುನಾವಣೆಯ ಕರಪತ್ರ ತನ್ನಿ, ಒಳ್ಳೆಯದು. ಜೊತೆಗೆ ಮನೆಯ ಟ್ರಂಕಿನಲ್ಲಿ, ಅಟ್ಟದಲ್ಲಿ ಟ್ರಿಬ್ಯೂನಲ್ ಆರ್ಡರ್ ಇದೆಯಾ ನೋಡಿ. ನಮ್ಮಜ್ಜಿಯದು ಇವತ್ತು ತಂದಿದ್ದೇನೆ. ಮುಂದಿನ ಸಾಲಿನವರು ನೋಡಿ ಹಿಂದಕ್ಕೆ ಕೊಡಿ. ಮಡಿಕೆಯಲ್ಲಿ ಹರಿದಿದೆ, ಜೋಪಾನ. ಹೊಗೆ ವಾಸನೆ ಇನ್ನೂ ಇದೆ.