ಮಳೆಗಾಲದ ಫ್ಲೂ, ಮೇ ತಿಂಗಳ ಲಸಿಕೆ

ಎಲ್ಲರಿಗೂ ನಮಸ್ಕಾರ.

ಶಿರಸಿಯ ಸಭೆ ಅಂದಮೇಲೆ ಅಡಿಕೆ ತೋಟದವರೇ ಜಾಸ್ತಿ, ಅಲ್ವಾ? ಹಾಗಾಗಿ ಅಡಿಕೆ ಕಾಯಿ ಉದುರಿಸುವ ಕೊಳೆರೋಗದಿಂದಲೇ ಶುರು ಮಾಡುತ್ತೇನೆ. ಅದಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಯಾವಾಗ ಹೊಡೆಸುತ್ತೀರಿ? ಮಳೆ ಹಿಡಿಯುವ ಮೊದಲು. ಕಾಯಿ ಉದುರತೊಡಗಿದ ಮೇಲೆ ಮರ ಹತ್ತುವ ಕೊನೆಗಾರನನ್ನು ಹುಡುಕಿಕೊಂಡು ಹೋಗುವುದಿಲ್ಲ. ಫ್ಲೂ ಜ್ವರದ ವಿಷಯದಲ್ಲಿ ಮಾತ್ರ ಈ ಲೆಕ್ಕ ನಮಗೆ ಮರೆತುಹೋಗುತ್ತದೆ.

ಫ್ಲೂ ಚಳಿಗಾಲದ ಕಾಯಿಲೆ ಎಂಬ ಮಾತು ಯುರೋಪ್, ಅಮೆರಿಕದ ಕಡೆಯಿಂದ ಬಂದದ್ದು. ಅಲ್ಲಿ ಅದು ನಿಜ. ನಮ್ಮ ಕಾಶ್ಮೀರದ ಶ್ರೀನಗರದಲ್ಲೂ ನಿಜ. ಆದರೆ ಪುಣೆಯಲ್ಲಿ ಫ್ಲೂ ಏರುವುದು ಜುಲೈನಿಂದ ಸೆಪ್ಟೆಂಬರ್‌ವರೆಗೆ, ಮುಂಗಾರಿನ ಜೊತೆ. ಚೆನ್ನೈಯಲ್ಲಿ ಅಕ್ಟೋಬರ್, ನವೆಂಬರ್‌ನಲ್ಲಿ, ಅಲ್ಲಿನ ಹಿಂಗಾರಿನ ಜೊತೆ. ಎರಡು ಊರಿನಲ್ಲೂ ಅದು ಮಳೆಯ ಹಿಂದೆಯೇ ಬರುತ್ತದೆ ನೋಡಿ. 2009ರಲ್ಲಿ ಎಚ್1ಎನ್1 ಫ್ಲೂ, ಅಂದರೆ ಹಂದಿಜ್ವರ, ಬಂದಾಗ ದೇಶದ ಮೊದಲ ಸಾವು ಪುಣೆಯಲ್ಲಿ ಆದದ್ದೂ ಆಗಸ್ಟ್‌ನಲ್ಲೇ. ಕಾರವಾರ, ಕುಮಟಾ, ಶಿರಸಿ ಎಲ್ಲ ಮುಂಗಾರಿನ ಊರುಗಳು. ಜನವರಿಯಿಂದ ಮಾರ್ಚ್‌ವರೆಗೂ ದೇಶದಲ್ಲಿ ಇನ್ನೊಂದು ಏರಿಕೆ ಇರುತ್ತದೆ, ಅದನ್ನೂ ಮರೆಯಬೇಡಿ.

ಮಳೆಯಲ್ಲಿ ನೆನೆದರೆ ಜ್ವರ ಬರುತ್ತದೆ ಎಂದು ಅಮ್ಮಂದಿರು ಬೈಯುತ್ತಾರೆ. ಮಳೆನೀರಿನಲ್ಲಿ ಫ್ಲೂ ವೈರಸ್ ಇರುವುದಿಲ್ಲ. ಅದು ಇನ್ನೊಬ್ಬರಿಂದಲೇ ಬರಬೇಕು, ಹೆಚ್ಚಾಗಿ ಕೆಮ್ಮು, ಸೀನಿನಿಂದ. ಆದರೂ ಅಮ್ಮಂದಿರ ಮಾತಿನಲ್ಲಿ ಹುರುಳಿದೆ. ಜೂನ್‌ನಲ್ಲಿ ಶಾಲೆ ತೆರೆಯುತ್ತದೆ. ಆರಿದ್ರಾ, ಪುನರ್ವಸು ಮಳೆ ಜಡಿ ಹಿಡಿದರೆ ಬಸ್ಸಿನ ಕಿಟಕಿ ಇಳಿಸುತ್ತೇವೆ, ಮನೆ ಬಾಗಿಲು ಹಾಕುತ್ತೇವೆ, ಎಲ್ಲರೂ ಒಂದೇ ಕೋಣೆಯಲ್ಲಿ ಕೂರುತ್ತೇವೆ. ಗಾಳಿ ಆಡುವುದಿಲ್ಲ, ಬಿಸಿಲು ಬೀಳುವುದಿಲ್ಲ. ವೈರಸ್ಸಿಗೆ ಅಷ್ಟು ಸಾಕು.

ಈಗ ಲಸಿಕೆಯ ವಿಷಯ. ನಾನು ಇಲ್ಲಿಗೆ ಬಂದದ್ದೇ ಇದಕ್ಕೆ. ಫ್ಲೂ ವೈರಸ್ ಬದಲಾಗುತ್ತಲೇ ಇರುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ, ಲಸಿಕೆಯಲ್ಲಿ ವೈರಸ್ಸಿನ ಯಾವ ತಳಿ ಇರಬೇಕು ಎಂದು ಹೇಳುತ್ತದೆ. ಫೆಬ್ರವರಿಯಲ್ಲಿ ಉತ್ತರಾರ್ಧ ಗೋಳಕ್ಕೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣಾರ್ಧ ಗೋಳಕ್ಕೆ. ಭೂಪಟದಲ್ಲಿ ನಾವು ಉತ್ತರದವರು. ನಮ್ಮ ಫ್ಲೂ ಹಂಗಾಮು ಮಾತ್ರ ದಕ್ಷಿಣದವರ ಚಳಿಗಾಲದ ಹೊತ್ತಿಗೆ ಬರುತ್ತದೆ. ಉತ್ತರಾರ್ಧ ಗೋಳದ ಪಂಚಾಂಗ ನೋಡಿ ಅಕ್ಟೋಬರ್‌ನಲ್ಲಿ ಲಸಿಕೆ ಹಾಕಿಸಿಕೊಂಡರೆ, ಮುಂದಿನ ಜುಲೈ ಹೊತ್ತಿಗೆ ಅದರ ಬಲ ಇಳಿದಿರುತ್ತದೆ. ನನ್ನ ತಾಯಿಗೇ ಹಾಗಾಯಿತು. ಲಸಿಕೆ ಆಗಿದೆ ಎಂಬ ಧೈರ್ಯದಲ್ಲಿದ್ದೆವು. ಜುಲೈ ಕೊನೆಯ ಪುಷ್ಯ ಮಳೆಯಲ್ಲಿ ಎರಡು ವಾರ ಹಾಸಿಗೆ ಹಿಡಿದರು. ತಾರೀಖನ್ನು ನಾನೇ ಸರಿಯಾಗಿ ನೋಡಬೇಕಿತ್ತು. ಆ ನೋವು ಇನ್ನೂ ಹೋಗಿಲ್ಲ.

ಲಸಿಕೆಯ ಬಲ ಮೈಗೆ ಹತ್ತಲು ಸುಮಾರು 2 ವಾರ ಬೇಕು. ಹಾಗಾಗಿ ಏಪ್ರಿಲ್, ಮೇ ನಮಗೆ ಸರಿಯಾದ ಕಾಲ. ವಯಸ್ಸಾದವರು, ಬಸುರಿಯರು, 6 ತಿಂಗಳು ದಾಟಿದ ಚಿಕ್ಕ ಮಕ್ಕಳು, ಉಬ್ಬಸ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು ಮೊದಲು ಲಸಿಕೆ ಕೇಳಬೇಕು. ಡಾಕ್ಟರ ಹತ್ತಿರ ಹೋದಾಗ, ಇದು ಯಾವ ವರ್ಷದ ತಳಿಯ ಲಸಿಕೆ ಎಂದು ವಿಚಾರಿಸಿ. ಸಂಕೋಚ ಬೇಡ.

ಮೈಲುತುತ್ತ, ಸುಣ್ಣ ತರಲು ಮೇ ತಿಂಗಳಲ್ಲಿ ಹೇಗೂ ಪೇಟೆಗೆ ಬರುತ್ತೀರಿ. ಆವತ್ತೇ ಮನೆಯ ಹಿರಿಯರನ್ನೂ ಜೊತೆಗೆ ಕರೆದುಕೊಂಡು ಬನ್ನಿ.