ಅಡಿಕೆಗೆ ಎಲೆಯ ಹೆಸರು ಬೇಡ

ಅತ್ತೆ ಮೆಟ್ಟುಗತ್ತಿ, ಅಂದರೆ ಅಡಿಕೆ ಸುಲಿಯೋ ಕತ್ತಿಮಣೆ, ಮೇಲೆ ಕೂತಾಯ್ತು. ಸುಲಿಯೋದನ್ನು ನೋಡ್ತಾ ಇರಿ, ನನಗೆ ಬೇರೊಂದು ವಿಷಯ ಹೇಳಬೇಕು.

ಈ ಸ್ಟಿಕ್ಕರ್ ನೋಡಿ. ಮುಂದಿನ ವಾರದ ಮೇಳಕ್ಕೆ ಮಾಡಿಸಿದ್ದು. ಅಡಿಕೆಗೆ ಇಂಗ್ಲಿಷಿನಲ್ಲಿ ನಾನು 'ಅರೆಕಾ ನಟ್' ಅಂತ ಬರೆದು ಕೊಟ್ಟಿದ್ದೆ. ಬಂದದ್ದು 'ಬೀಟಲ್ ನಟ್'. ಕೇಳಿದರೆ, "ಎಲ್ಲರೂ ಹಾಗೇ ಅನ್ನೋದಲ್ವಾ ಮೇಡಂ, ನಾವೇ ಸರಿ ಮಾಡಿದೆವು" ಅಂದರು ಸ್ಟಿಕ್ಕರ್ ಮಾಡಿದವರು! ಒಂದಕ್ಕೆ 4 ರೂಪಾಯಿ, 300 ಸ್ಟಿಕ್ಕರ್. ಮತ್ತೆ ಮಾಡಿಸಬೇಕಾದರೆ ಇನ್ನೊಂದು 1,200 ಬೇಕು. ದುಡ್ಡಿಗಿಂತ ಜಾಸ್ತಿ ಬೇಜಾರು ಹೆಸರಿನದು. ಬೀಟಲ್ ಅಂದರೆ ವೀಳ್ಯದೆಲೆ. ಮಲಯಾಳಂನ 'ವೆಟ್ಟಿಲ' ಪೋರ್ಚುಗೀಸರ ಬಾಯಿಂದ ಇಂಗ್ಲಿಷಿಗೆ ಹೋಗಿ ಬೀಟಲ್ ಆಯಿತು. ಎಲೆಯ ಹೆಸರನ್ನು ತಂದು ಅಡಿಕೆಗೆ ಅಂಟಿಸಿದರೆ ಹೇಗೆ? ಯೂಲ್ ಮತ್ತು ಬರ್ನೆಲ್ ಅವರ 'ಹಾಬ್ಸನ್-ಜಾಬ್ಸನ್' ನಿಘಂಟು 1886ರಲ್ಲೇ ಇದು ಸರಿಯಲ್ಲ ಅಂದಿದೆ. ಇಂದಿಗೂ ಅದೇ ತಪ್ಪು.

ಅರೆಕಾ ಹಾಗಲ್ಲ, ಅದು ನಮ್ಮ ಅಡಿಕೆಯ ರಕ್ತಸಂಬಂಧಿ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ ಮೇಲೆ, ಮಲಬಾರಿನಲ್ಲಿ ಪೋರ್ಚುಗೀಸರ ಕಿವಿಗೆ ಬಿದ್ದದ್ದು 'ಅಡಕ್ಕ', ಅಡಿಕೆಯ ಮಲಯಾಳಂ ಹೆಸರು. ಅವರು ಬರೆದುಕೊಂಡದ್ದು 'ಅರೆಕ'. ಡ ಹೇಳೋಕೆ ಬರದೆ ಪದ ಕೆಡಿಸಿದರು ಅಂತ ನನಗೆ ಸಿಟ್ಟಿತ್ತು. ಮೊನ್ನೆ ಸುಮ್ನೆ ಕೂತು ಹತ್ತು ಸಲ ಬೇಗ ಬೇಗ ಹೇಳಿ ನೋಡಿದೆ. ಅಡಕ್ಕ, ಅಡಕ್ಕ, ಅಡಕ್ಕ. ನಾಲಿಗೆ ತುದಿ ಮೇಲೆ ಮಡಚಿಕೊಂಡು, ಬಾಯಿಯ ಅಂಗುಳಕ್ಕೆ ತಾಗಿ, ಪಟ್ಟಂತ ಕೆಳಗೆ ಬರುತ್ತೆ. ಅಲ್ಲೇ ಒಂದು ರ ಕೇಳಿಸುತ್ತೆ. ನೀವೂ ಹೇಳಿ ನೋಡಿ. ಅವರು ಕೆಡಿಸಿಲ್ಲ, ಚೆನ್ನಾಗಿಯೇ ಕೇಳಿಸಿಕೊಂಡಿದ್ದಾರೆ. ನನ್ನ ಸಿಟ್ಟು ಇಳಿಯಿತು.

ಹಾಂ, ಹಂಡೆಯಲ್ಲಿ ಚೊಗರು, ಅಂದರೆ ಅಡಿಕೆ ಬೇಯಿಸೋ ನೀರು, ಕುದೀತಾ ಇದೆ. ಆ ಕೆಂಪು ನೋಡಿ. ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಅಡಿಕೆ ಮರಕ್ಕೆ 'ಅರೆಕಾ ಕ್ಯಾಟೆಚು' ಅಂತ ಹೆಸರಿಟ್ಟ. ಕ್ಯಾಟೆಚು ಕೂಡ ನಮ್ಮ 'ಕಾಚು' ಪದದ ನೆಂಟನೇ. ಎಲೆಗೆ ಸುಣ್ಣದ ಜೊತೆ ಹಚ್ಚುತ್ತಾರಲ್ಲ, ಅದು. ಕಾಚು ಬರುವುದು ಕಗ್ಗಲಿ ಮರದಿಂದ, ಆದರೂ ಈ ಚೊಗರನ್ನು ಒಂದು ಹನಿ ನಾಲಿಗೆಗೆ ಇಟ್ಟರೆ ಅದೇ ಒಗರು. ಬಾಯೆಲ್ಲ ಬಿಗಿಯುತ್ತೆ.

ಅತ್ತೆ ಕರೀತಾ ಇದ್ದಾರೆ, ಬೆಂದದ್ದನ್ನು ಒಣಗೋಕೆ ಚಪ್ಪರಕ್ಕೆ ಹಾಕಬೇಕು. ಸ್ಟಿಕ್ಕರ್ ಮೇಲೆ ಬೀಟಲ್ ಹೊಡೆದು ಹಾಕಿ ಪೆನ್ನಲ್ಲಿ ಅರೆಕಾ ಬರೀತಾ ಇದ್ದೇನೆ. 41 ಆಯ್ತು. ಇನ್ನು 259.