ಜೇನಿನ ಲಾಭ, ಮಳೆಗಾಲದ ಲೆಕ್ಕ

[ದೃಶ್ಯ: ಅಡಿಕೆ ತೋಟ, ಕಾಲು ಹಾಕಿ ನಿಲ್ಲಿಸಿದ ಜೇನು ಪೆಟ್ಟಿಗೆಗಳು]

ನಮಸ್ಕಾರ. ಸುಳ್ಯ, ಪುತ್ತೂರು ಕಡೆಯ ತೋಟಗಳಲ್ಲಿ ಇಂಥ ಪೆಟ್ಟಿಗೆಗಳನ್ನು ನೀವು ನೋಡಿರುತ್ತೀರಿ. ಹತ್ತು ಪೆಟ್ಟಿಗೆ ಇಟ್ಟರೆ ಎಷ್ಟು ಹುಟ್ಟುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನಾದ ತುಡುವೆಯ ಒಂದು ಕುಟುಂಬ ವರ್ಷಕ್ಕೆ ಆರು ಕಿಲೋ ಕೊಟ್ಟಿತು, ಕಿಲೋಗೆ 500 ರೂಪಾಯಿ ಸಿಕ್ಕಿತು ಎಂದಿಟ್ಟುಕೊಳ್ಳಿ. ಒಟ್ಟು 30,000. ರಬ್ಬರ್ ತೋಟ ಹತ್ತಿರವಿದ್ದರೆ ಇನ್ನೂ ಹೆಚ್ಚು. ರಬ್ಬರ್ ಚಿಗುರುವಾಗ ಮೂರು ಎಲೆ ಕೂಡುವ ತೊಟ್ಟಿನ ತುದಿಯಲ್ಲೇ ಸಿಹಿ ರಸ ಒಸರುತ್ತದೆ, ಹೂವಿಗೆ ಕಾಯಬೇಕಾಗಿಲ್ಲ.

ಆದರೆ ಈ ಹಣವೆಲ್ಲ ನಿಂತಿರುವುದು ಜುಲೈ ತಿಂಗಳ ಮೇಲೆ.

[ದೃಶ್ಯ: ಜಡಿಮಳೆ. ಮುಚ್ಚಳ ತೆರೆದ ಪೆಟ್ಟಿಗೆ]

ಮಳೆ ಹಿಡಿದರೆ ನೊಣ ಹೊರಗೆ ಹೋಗುವುದಿಲ್ಲ, ಹೋದರೂ ಹೂವಿಲ್ಲ. ಪೆಟ್ಟಿಗೆಯನ್ನು ಒಂದು ಬದಿಯಿಂದ ಸ್ವಲ್ಪ ಎತ್ತಿ ನೋಡಿ. ಹಗುರವಾಗಿದ್ದರೆ ಒಳಗೆ ಹಸಿವು. ನೊಣ ಕಡಿಮೆಯಾಗಿ ಎರಿ, ಅಂದರೆ ನೊಣ ಕಟ್ಟಿದ ಮೇಣದ ತಟ್ಟಿ, ಬರಿದಾದರೆ ಮೇಣದ ಹುಳು ಬಿಳಿ ಬಲೆ ನೇಯುತ್ತದೆ. ಆಮೇಲೆ ಇಡೀ ಕುಟುಂಬ ಪೆಟ್ಟಿಗೆ ಬಿಟ್ಟು ಹಾರಿಹೋಗುತ್ತದೆ.

ಇದಕ್ಕೆ ಮದ್ದು ಸಕ್ಕರೆ ಪಾಕ. ಪೆಟ್ಟಿಗೆಗೆ ವಾರಕ್ಕೆ 200 ಗ್ರಾಂ ಸಕ್ಕರೆಯಂತೆ ಹನ್ನೆರಡು ವಾರ ಕೊಟ್ಟರೂ ಹತ್ತು ಪೆಟ್ಟಿಗೆಗೆ 24 ಕಿಲೋ. ಒಂದು ಸಾವಿರದ ಆಸುಪಾಸಿನ ಖರ್ಚು. ಮೂರು ಕುಟುಂಬ ಹಾರಿಹೋದರೆ ಜೇನಿನಲ್ಲೇ 9,000 ನಷ್ಟ, ಹೊಸ ಕುಟುಂಬದ ಬೆಲೆ ಬೇರೆ. ಸಾವಿರ ಉಳಿಸಲು ಹೋಗಿ ಇಷ್ಟು ಕಳೆದುಕೊಳ್ಳುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಪಾಕವನ್ನು ಮುಸ್ಸಂಜೆ ಕೊಡಿ, ಹಗಲಲ್ಲಿ ಕೊಟ್ಟರೆ ಪಕ್ಕದ ಪೆಟ್ಟಿಗೆಯ ನೊಣಗಳು ಲೂಟಿಗೆ ಬರುತ್ತವೆ. ಹೂವಿನ ಕಾಲ ಶುರುವಾಗುವ ಮೊದಲೇ ನಿಲ್ಲಿಸಿ. ಇಲ್ಲವಾದರೆ ನೀವು ಮಾರುವುದು ಸಕ್ಕರೆಯನ್ನೇ.

1991ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಕುಟುಂಬಗಳು ರಾಶಿರಾಶಿಯಾಗಿ ಸತ್ತವು. ಮರಿಹುಳುವನ್ನೇ ಕೊಲ್ಲುವ ವೈರಸ್ ಅದು. ಆದ್ದರಿಂದ ಜೇನು ಸಾಕಣೆಯನ್ನು ತೋಟದ ಜೊತೆಗಿನ ಆದಾಯವಾಗಿಯೇ ಇಟ್ಟುಕೊಳ್ಳಿ. ಸಾಲ ಮಾಡಿ ಐವತ್ತು ಪೆಟ್ಟಿಗೆಯಿಂದ ಆರಂಭಿಸಬೇಡಿ.

[ದೃಶ್ಯ: ಎರಿಯ ಕೋಶಗಳು, ತೀರಾ ಹತ್ತಿರದಿಂದ]

ಮಳೆ ದಾಟಿದ ಬಲವಾದ ಕುಟುಂಬವನ್ನು ಪಾಲು ಮಾಡಿ ಮಾರಬಹುದು. ಜೇನಿಗಿಂತ ಇದರಲ್ಲೇ ಹೆಚ್ಚು ಸಂಪಾದಿಸುವವರಿದ್ದಾರೆ. ಕೊಳ್ಳುವವರು ಹಣ ಕೊಡುವ ಮೊದಲು ಎರಿಯನ್ನು ಬೆಳಕಿಗೆ ಹಿಡಿಯಿರಿ. ಕೋಶದ ತಳದಲ್ಲಿ ಅಕ್ಕಿನುಚ್ಚಿಗಿಂತ ಸಣ್ಣ ಬಿಳಿ ಮೊಟ್ಟೆ ಕಂಡರೆ ರಾಣಿ ಮೂರು ದಿನದ ಒಳಗೆ ಅಲ್ಲಿ ಮೊಟ್ಟೆಯಿಟ್ಟಿದ್ದಾಳೆ. ಕಾಣದಿದ್ದರೆ ಇನ್ನೊಂದು ಪೆಟ್ಟಿಗೆ ತೋರಿಸಲು ಹೇಳಿ.